ನಾರಾಯಣಪುರದ ಕತ್ತಲಲ್ಲಿ ನಾಲ್ಕು ದುರ್ಬೀನು

ಎಳ್ಳಮಾವಾಸ್ಯೆಯ ದಿನ ಹುಣಸಗಿಯಿಂದ ಕೊಡೇಕಲ್ ಮೇಲೆ ಹಾದು ನಾರಾಯಣಪುರದ ಕಡೆ ಹೊರಟರೆ ಊರುಗಳೆಲ್ಲ ಬಿಕೋ ಎನ್ನುತ್ತಿರುತ್ತವೆ. ಬಾಗಿಲಿಗೆ ಬೀಗ, ಕಟ್ಟೆಯ ಮೇಲೆ ಒಂದು ನಾಯಿ. ಜನವೆಲ್ಲ ಹೊಲದಲ್ಲಿ. ಟ್ರ್ಯಾಕ್ಟರಿನಲ್ಲಿ, ಬಂಡಿಯಲ್ಲಿ ಬುಟ್ಟಿಗಟ್ಟಲೆ ಅಡುಗೆ ಹೊತ್ತುಕೊಂಡು ಹೋಗಿ, ಐದು ಕಲ್ಲುಗಳನ್ನು ಸಾಲಾಗಿಟ್ಟು ಪಾಂಡವರೆಂದು ಪೂಜಿಸಿ, ಬೆಳೆಗೆ ಚರಗ ಚೆಲ್ಲಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಶೇಂಗಾ ಹೋಳಿಗೆಗೆ ಕೂರುತ್ತಾರೆ. ಕಳೆದ ವರ್ಷ, 2025ರ ಡಿಸೆಂಬರ್ 19ರ ಶುಕ್ರವಾರ, ಆ ಊಟಕ್ಕೆ ನಾನೂ ಹೋಗಿದ್ದೆ. ನನ್ನ ಅಕ್ಕನ ಹೊಲ ನಾರಾಯಣಪುರದ ಈಶಾನ್ಯಕ್ಕೆ, ಹಣಮಸಾಗರದ ಕಡೆ ಇದೆ. ಬೆನ್ನಿಗೆ ಒಂದು ಚೀಲ, ಚೀಲದಲ್ಲಿ ನಾಲ್ಕು ಬೈನಾಕ್ಯುಲರ್.

ಅಕ್ಕನ ಮಗಳಿಗೆ ಹದಿಮೂರು ವರ್ಷ. ಹಿಂದಿನ ಬೇಸಿಗೆಯಲ್ಲಿ ಅವಳು ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ಮಾಮಾ, ಚುಕ್ಕಿ ನೋಡಾಕ ಒಂದು ದುರ್ಬೀನು ಬೇಕು. ಯಾವುದು ತಗೋಬೇಕು?" ಹೆಸರೊಂದು ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಕೊಳ್ಳುವವರ ಕೈ, ಕಣ್ಣು, ಕುತ್ತಿಗೆ ಮೂರೂ ಒಪ್ಪದೆ ಬೈನಾಕ್ಯುಲರ್ ಕೊಳ್ಳಬಾರದು, ಅದೂ ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ನೋಡಿ ಕೊಳ್ಳಲೇಬಾರದು ಎಂಬುದು ನಾನು ದುಡ್ಡು ಕೊಟ್ಟು ಕಲಿತ ಪಾಠ. ಹಾಗಾಗಿ ನನ್ನವು ಎರಡು, ಗೆಳೆಯರಿಂದ ಕೇಳಿ ತಂದವು ಎರಡು ಹಿಡಿದು, ವರ್ಷದ ಒಳ್ಳೆಯ ಕತ್ತಲು ಯಾವಾಗ ಸಿಗುತ್ತದೋ ಆಗಲೇ ಹೋದೆ. ಎಳ್ಳಮಾವಾಸ್ಯೆಗಿಂತ ಒಳ್ಳೆಯ ದಿನ ಬೇರೆ ಯಾವುದಿದೆ! ಚಂದ್ರನಿಲ್ಲ, ಮೋಡವಿಲ್ಲ, ಚಳಿಗಾಲದ ಗಾಳಿ ತಿಳಿಯಾಗಿರುತ್ತದೆ, ಮತ್ತು ಎಲ್ಲರೂ ಹೇಗೂ ಹೊಲದಲ್ಲೇ ಇರುತ್ತಾರೆ.

ನಾರಾಯಣಪುರ ಎಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಬಸವಸಾಗರ. ಕೃಷ್ಣೆಗೆ ಅಡ್ಡವಾಗಿ 1982ರಲ್ಲಿ ಮುಗಿದ ಅಣೆಕಟ್ಟು. ಹತ್ತು ಕಿಲೋಮೀಟರಿಗೂ ಮಿಕ್ಕಿದ ಉದ್ದ, ಮೂವತ್ತು ಗೇಟು. ಅಲ್ಲಿಂದ ಹೊರಟ ಎಡದಂಡೆ ಕಾಲುವೆ ಸುರಪುರ, ಶಹಾಪುರದ ಒಣನೆಲಕ್ಕೆ ಭತ್ತ ತಂದಿತು. ಹಿಂದೆ ಸುರಪುರ ತಾಲ್ಲೂಕಿನಲ್ಲಿದ್ದ ಊರು ಈಗ ಹುಣಸಗಿ ತಾಲ್ಲೂಕಿಗೆ ಸೇರಿದೆ. ನೀರು ಬಿಟ್ಟಾಗ ಗೇಟುಗಳನ್ನೂ, ಹೊಳೆಯ ದಂಡೆಯ ಛಾಯಾ ಭಗವತಿಯನ್ನೂ ನೋಡಲು ಬರುವವರು ಬಹಳ. ಆದರೆ ನಕ್ಷತ್ರ ನೋಡಲು ಅಣೆಕಟ್ಟೆಯ ಮೇಲೆ ಹೋಗಬೇಡಿ. ಅದು ಕಾವಲಿನ ಜಾಗ; ಇರುಳಿನಲ್ಲಿ ದುರ್ಬೀನು ಹಿಡಿದು ಅಲ್ಲಿ ನಿಂತರೆ ಕಾವಲಿನವರು ಪ್ರಶ್ನೆ ಕೇಳುವುದು ನ್ಯಾಯವೇ. ಜೊತೆಗೆ ದೀಪಗಳು. ಆಕಾಶ ಬೇಕಾದವರು ಅಣೆಕಟ್ಟನ್ನು ಬೆನ್ನಿಗೆ ಬಿಟ್ಟು ಉತ್ತರಕ್ಕೆ, ಹಣಮಸಾಗರದ ಕಡೆ ಬರಬೇಕು.

ಊಟದ ನಂತರ ಬನ್ನಿಗಿಡದ ನೆರಳಿನಲ್ಲಿ ಕಂಬಳಿ ಹಾಸಿ ನಾಲ್ಕನ್ನೂ ಸಾಲಾಗಿ ಇಟ್ಟೆ. ಒಂದು 10x25, ಅಂಗಿಯ ಜೇಬಿಗೆ ಹೋಗುವಂಥದು, ಮುನ್ನೂರು ಗ್ರಾಂ ಆಸುಪಾಸು. ಒಂದು 8x42, ನೆಟ್ಟಗಿನ ಕೊಳವೆಯದು, ಸುಮಾರು ಆರೂವರೆ ನೂರು ಗ್ರಾಂ. ಒಂದು ಒಲಿಂಪಸ್ 10x50, ಹಳೆಯ ಮಾದರಿಯ ಭುಜವಿರುವಂಥದು, 855 ಗ್ರಾಂ. ಕೊನೆಯದು 15x70; ಕಿಲೋ ದಾಟಿ ಮತ್ತೂ ಮುನ್ನೂರು ಗ್ರಾಂ ಚಿಲ್ಲರೆ. ಎಲ್ಲದರ ಮೇಲೂ ಇರುವ ಎರಡು ಅಂಕಿಗಳಲ್ಲಿ ಮೊದಲನೆಯದು ಎಷ್ಟು ಪಟ್ಟು ಹತ್ತಿರ ತೋರಿಸುತ್ತದೆ ಎನ್ನುವುದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಅಂಗಡಿಗಳು ಮೊದಲನೆಯ ಅಂಕಿಯನ್ನು ಕೂಗಿ ಮಾರುತ್ತವೆ. ನಕ್ಷತ್ರಕ್ಕೆ ಬೇಕಾದದ್ದು ಎರಡನೆಯದು.

ಅದನ್ನು ಹುಡುಗಿಗೆ ಲೆಕ್ಕದಲ್ಲಿ ತೋರಿಸಿದೆ. ಕತ್ತಲಲ್ಲಿ ಅವಳ ವಯಸ್ಸಿನವರ ಕಣ್ಣಪಾಪೆ ಸುಮಾರು 7 ಮಿಲಿಮೀಟರ್ ಅಗಲಕ್ಕೆ ತೆರೆಯುತ್ತದೆ. 42 ಮಿಲಿಮೀಟರಿನ ಗಾಜು ಅದರ ಆರರಷ್ಟು ಅಗಲ. ಅಂದರೆ ಆರಾರಲೆ 36 ಪಟ್ಟು ಬೆಳಕು ಹಿಡಿಯುತ್ತದೆ. ಜೇಬಿನ 25 ಮಿಲಿಮೀಟರಿನದು ಹದಿಮೂರು ಪಟ್ಟನ್ನೂ ಮುಟ್ಟುವುದಿಲ್ಲ. ಇನ್ನೊಂದು ಭಾಗಾಕಾರ: ಎರಡನೆಯ ಅಂಕಿಯನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಡುವ ಕಡೆಯಿಂದ ಹೊರಬರುವ ಬೆಳಕಿನ ಬಿಲ್ಲೆಯ ಅಗಲ ಸಿಗುತ್ತದೆ. 8x42ಕ್ಕೆ ಐದೂಕಾಲು, 10x50ಕ್ಕೆ ಐದು, 10x25ಕ್ಕೆ ಎರಡೂವರೆ. ಆ ಬಿಲ್ಲೆ ಕಣ್ಣಪಾಪೆಗಿಂತ ಅಗಲವಾದರೆ ಹೆಚ್ಚಿನ ಬೆಳಕು ಪಾಪೆಯ ಹೊರಗೆ ಬಿದ್ದು ಹೋಗುತ್ತದೆ, ತೀರ ಸಣ್ಣದಾದರೆ ಆಕಾಶ ಮಂಕಾಗುತ್ತದೆ. ಐವತ್ತು ದಾಟಿದ ನನ್ನಂಥವರ ಪಾಪೆ ಐದರ ಆಸುಪಾಸಿಗೆ ನಿಂತುಬಿಡುತ್ತದೆ. ಹಡಗಿನವರು ಇಷ್ಟಪಡುವ 7x50ರ ಏಳು ಮಿಲಿಮೀಟರಿನ ಬಿಲ್ಲೆ ನನಗೆ ದಂಡ. ಐದರ ಸುತ್ತ ಇರುವಂಥದ್ದು ಮನೆಯ ಹಿರಿಯರಿಗೂ ಕಿರಿಯರಿಗೂ ಹೊಂದುತ್ತದೆ. ಒಂದು ಮನೆಗೆ ಒಂದೇ ಬೈನಾಕ್ಯುಲರ್ ಬರುವ ನಮ್ಮ ಕಡೆ ಇದು ದೊಡ್ಡ ಮಾತು.

ಆ ಬಿಲ್ಲೆಯನ್ನು ಕಣ್ಣಾರೆ ನೋಡಬಹುದು. ಬೈನಾಕ್ಯುಲರನ್ನು ಬಿಳಿಯ ಆಕಾಶದ ಕಡೆ ಹಿಡಿದು, ಮುಖದಿಂದ ಒಂದು ಗೇಣು ದೂರ ಇಟ್ಟು, ಕಣ್ಣಿಡುವ ಲೆನ್ಸನ್ನು ನೋಡಿದರೆ ಅದರ ನಡುವೆ ಬೆಳ್ಳಗೆ ದುಂಡನೆಯ ಚುಕ್ಕೆ ತೇಲುತ್ತಿರುತ್ತದೆ. ಹುಡುಗಿ ನಾಲ್ಕನ್ನೂ ಎತ್ತಿ ನೋಡಿದಳು. ಮೂರರಲ್ಲಿ ದುಂಡಗಿತ್ತು. 15x70ರಲ್ಲಿ ಚುಕ್ಕೆಯ ಅಂಚು ನಾಲ್ಕು ಕಡೆ ಕತ್ತರಿಸಿದ ಹಾಗೆ, ಚೌಕಕ್ಕೆ ತಿರುಗಿದಂತೆ ಕಂಡಿತು. ಒಳಗಿನ ಪ್ರಿಸಂ ಕಡಿಮೆ ದರ್ಜೆಯ ಗಾಜಿನದಾದರೆ ಹೀಗೆ ಅಂಚಿನ ಬೆಳಕು ನಷ್ಟವಾಗುತ್ತದೆ. ಬಿಎಕೆ4 ಎಂಬ ಗಾಜಿನ ಹೆಸರನ್ನು ಡಬ್ಬಿಯ ಮೇಲೆ ಹುಡುಕುವುದು ಇದಕ್ಕಾಗಿಯೇ. ಡಬ್ಬಿ ಸುಳ್ಳು ಹೇಳಬಹುದು, ಬಿಲ್ಲೆ ಹೇಳುವುದಿಲ್ಲ. ಆಮೇಲೆ ಮುಂದಿನ ಗಾಜನ್ನು ಓರೆಯಾಗಿ ಹಿಡಿದು ಅದರಲ್ಲಿ ಬನ್ನಿಗಿಡದ ಪ್ರತಿಬಿಂಬ ನೋಡಿದೆವು. ಒಳ್ಳೆಯ ಲೇಪವಿದ್ದ ಗಾಜಿನಲ್ಲಿ ಪ್ರತಿಬಿಂಬ ಹಸಿರೋ ನೇರಳೆಯೋ ಆಗಿ, ಬಹಳ ಮಸುಕಾಗಿ ಕಾಣುತ್ತದೆ: ಬೆಳಕು ತಿರುಗಿ ಬರದೆ ಒಳಗೆ ಹೋಗುತ್ತಿದೆ ಎಂದರ್ಥ. ಕನ್ನಡಿಯಂತೆ ನಮ್ಮ ಮುಖ ತೋರಿಸುವ ಗಾಜು, ಮಾಣಿಕ್ಯದಂತೆ ಕೆಂಪಗೆ ಹೊಳೆಯುವ ಗಾಜು ಇರುಳಿಗೆ ಕೆಲಸಕ್ಕೆ ಬಾರದು.

ನಾನು ಮೊಟ್ಟಮೊದಲು ಕೊಂಡದ್ದು ಅಂಥ ಕೆಂಪು ಗಾಜಿನದೇ. ಜೊತೆಗೆ ಹತ್ತರಿಂದ ಮೂವತ್ತು ಪಟ್ಟಿನ ಝೂಮ್. ಊರಿನ ಹೆಸರು ಬೇಡ, ಅಂಗಡಿಯ ಹೆಸರೂ ಬೇಡ. ಮೂರು ತಿಂಗಳ ಉಳಿತಾಯ ಹೋಯಿತು. ಒಳಗಿನ ಎರಡು ಕೊಳವೆಗಳು ಒಂದೇ ಕಡೆ ನೋಡುತ್ತಿರಲಿಲ್ಲ. ಒಂದು ಚುಕ್ಕೆ ಎರಡಾಗಿ ಕಾಣುವುದು, ಕಣ್ಣು ಅದನ್ನು ಕೂಡಿಸಲು ಹೆಣಗುವುದು, ಹತ್ತು ನಿಮಿಷಕ್ಕೆ ತಲೆನೋವು. ನನ್ನ ಕಣ್ಣಿನದೇ ದೋಷ ಎಂದುಕೊಂಡು ಎರಡು ವರ್ಷ ಆಕಾಶದ ಕಡೆ ನೋಡುವುದನ್ನೇ ಬಿಟ್ಟಿದ್ದೆ. ಆ ಎರಡು ವರ್ಷ ನನಗೆ ಇವತ್ತಿಗೂ ನಷ್ಟವೆಂದೇ ಅನಿಸುತ್ತದೆ. ಆದ್ದರಿಂದ ಝೂಮ್ ಎಂದು ಬರೆದದ್ದನ್ನು ಮುಟ್ಟಬೇಡಿ ಎಂದು ಕೇಳಿದವರಿಗೆಲ್ಲ ಕೈಮುಗಿದು ಹೇಳುತ್ತೇನೆ. ಕೊಂಡದ್ದನ್ನು ಮರಳಿಸುವ ಅವಕಾಶ ಇರುವ ಕಡೆ ಕೊಳ್ಳಿ, ಬಂದ ಮೊದಲ ರಾತ್ರಿಯೇ ಒಂದು ನಕ್ಷತ್ರದ ಮೇಲೆ ಇಟ್ಟು ನೋಡಿ.

ನಾಲ್ಕು ಗಂಟೆಗೆ ಹಣಮಸಾಗರದ ಕಲ್ಲುಗಳ ಕಡೆ ನಡೆದೆವು. (ಕುಷ್ಟಗಿ ತಾಲ್ಲೂಕಿನ ಹನುಮಸಾಗರ ಬೇರೆ, ಇದು ಬೇರೆ.) ಈ ಕಲ್ಲುಗಳ ಬಗ್ಗೆ ನಮ್ಮ ಜಿಲ್ಲೆಯವರಿಗೇ ಹೆಚ್ಚು ಗೊತ್ತಿಲ್ಲ ಎಂಬುದು ನನಗೆ ನೋವಿನ ವಿಷಯ. ಬಯಲಿನಲ್ಲಿ ಎರಡೂವರೆ ಸಾವಿರದಷ್ಟು ಬಂಡೆಗಳನ್ನು ಸಾಲು ಹಿಡಿದು ನಿಲ್ಲಿಸಿದ್ದಾರೆ. ಕೆಲವು ಸೊಂಟದೆತ್ತರ, ಕೆಲವು ಆಳೆತ್ತರ. ನಡುವೆ ನಿಂತು ಒಂದು ಕಲ್ಲಿನ ಮೇಲಿಂದ ಕಣ್ಣು ಹಾಯಿಸಿದರೆ ಹಿಂದಿನ ಕಲ್ಲು, ಅದರ ಹಿಂದಿನದು, ಹೀಗೆ ಗೆರೆ ಎಳೆದಂತೆ ದೂರ ಓಡುತ್ತದೆ. ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಗೆರೆ ಕೆಟ್ಟು ಬರೀ ಬಂಡೆಗಳಾಗುತ್ತವೆ, ಮತ್ತೊಂದು ಹೆಜ್ಜೆಗೆ ಬೇರೆ ದಿಕ್ಕಿನ ಗೆರೆ ಕೂಡಿಕೊಳ್ಳುತ್ತದೆ. ಬೃಹತ್ ಶಿಲಾಯುಗದವರ ಕೆಲಸ. ಶಹಾಪುರದ ಹತ್ತಿರ ವಿಭೂತಿಹಳ್ಳಿಯಲ್ಲೂ ಇಂಥದೇ ಇದೆ. ಸುರಪುರದಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ವಿಭೂತಿಹಳ್ಳಿಯ ಸಾಲುಗಳನ್ನೂ ರಾಜನಕೋಳೂರಿನ ಕಲ್ಮನೆಗಳನ್ನೂ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲೇ ಬರೆದಿಟ್ಟ. 1956ರಲ್ಲಿ ಪುರಾತತ್ವಜ್ಞ ಆಲ್ಚಿನ್ ಈ ಭಾಗದ ಕಲ್ಸಾಲುಗಳ ಮೇಲೆ ಒಂದು ಪ್ರಬಂಧ ಪ್ರಕಟಿಸಿದರು. ಭಾರತೀಯ ಖಭೌತ ಸಂಸ್ಥೆಯ ಎನ್. ಕಾಮೇಶ್ವರ ರಾವ್ 2005ರಲ್ಲಿ ಇವುಗಳಿಗೂ ಸೂರ್ಯನ ಉದಯಾಸ್ತಗಳಿಗೂ, ಮುಖ್ಯವಾಗಿ ಅಯನ ತಿರುಗುವ ದಿನಗಳಿಗೂ, ನಂಟು ಇರಬಹುದೆಂದು ವಾದಿಸಿದರು. ವಿದ್ವಾಂಸರೆಲ್ಲ ಒಪ್ಪಿ ಮುಗಿದ ಮಾತಲ್ಲ ಅದು. ಆದರೆ ಆ ಸಾಲುಗಳ ನಡುವೆ ಸಂಜೆ ನಿಂತವರಿಗೆ ಆ ಆಲೋಚನೆ ಬಾರದೆ ಇರದು.

ಅವತ್ತು ಉತ್ತರಾಯಣದ ತಿರುವಿಗೆ ಎರಡೇ ದಿನ ಬಾಕಿ. ಈ ಅಕ್ಷಾಂಶದಲ್ಲಿ ಆಗ ಸೂರ್ಯ ನೇರ ಪಡುವಣಕ್ಕಿಂತ ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಸರಿದು ಮುಳುಗುತ್ತಾನೆ. ವರ್ಷದಲ್ಲಿ ಅದಕ್ಕಿಂತ ಆಚೆ ಹೋಗುವುದಿಲ್ಲ. ಐದು ಮುಕ್ಕಾಲಿಗೆ ಬಿಂಬ ಕೆಂಪಾಗಿ ಜೋಳದ ತೆನೆಗಳ ಮೇಲೆ ಇಳಿಯಿತು. ಹುಡುಗಿ ಸಹಜವಾಗಿ ಬೈನಾಕ್ಯುಲರ್ ಎತ್ತಿದಳು. ನಾನು ಕೈ ಅಡ್ಡ ಇಟ್ಟೆ. ಬರಿಗಣ್ಣಿಗೆ ಎಷ್ಟೇ ತಂಪಾಗಿ ಕಂಡರೂ ಬಿಂಬ ಪೂರ್ತಿ ಮುಳುಗುವ ತನಕ ಬೈನಾಕ್ಯುಲರ್ ಆ ಕಡೆ ತಿರುಗಬಾರದು. ಗಾಜು ಆ ಬೆಳಕನ್ನೆಲ್ಲ ಒಟ್ಟುಗೂಡಿಸಿ ಕಣ್ಣಿನ ಪರದೆಯ ಮೇಲೆ ಸುಡುತ್ತದೆ, ಸುಡುವಾಗ ನೋವೂ ಆಗುವುದಿಲ್ಲ. ಕುತ್ತಿಗೆಯ ಪಟ್ಟಿ ಮೊದಲು, ಎತ್ತುವುದು ಆಮೇಲೆ. ಸೂರ್ಯ ಇರುವಾಗ ಎತ್ತುವುದೇ ಇಲ್ಲ. ಮಕ್ಕಳ ಕೈಗೆ ಕೊಡುವ ಮುಂಚೆ ಈ ಎರಡು ಮಾತನ್ನು ಗಟ್ಟಿಯಾಗಿ ಹೇಳಿಬಿಡಬೇಕು.

ಕೈ ಅಡ್ಡ ಇಟ್ಟಾಗ ನನಗೆ 1980 ನೆನಪಾಯಿತು. ಆ ವರ್ಷ ಫೆಬ್ರವರಿ 16ರಂದು ಖಗ್ರಾಸ ಸೂರ್ಯಗ್ರಹಣ ನಮ್ಮ ನಾಡಿನ ಮೇಲೆ ಹಾದುಹೋಯಿತು. ಕೃಷ್ಣೆಯ ಆಚೆ, ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಖಭೌತ ಸಂಸ್ಥೆಯ ವಿಜ್ಞಾನಿಗಳು ಬಿಡಾರ ಹೂಡಿ ಉಪಕರಣ ಕಟ್ಟಿ ಕಾದಿದ್ದರು. ನಾವು ಮಕ್ಕಳು ಬಾಗಿಲು ಹಾಕಿದ ಮನೆಯೊಳಗೆ, ಕಿಟಕಿಗೆ ಕಂಬಳಿ ಇಳಿಬಿಟ್ಟು ಕೂತಿದ್ದೆವು. ಹೆದರಿಕೆಯಿಂದ ಮನೆಯವರು ಹಾಗೆ ಮಾಡಿದರು. ಕಣ್ಣು ಉಳಿಸಬೇಕೆಂಬ ಪ್ರೀತಿಯೂ ಅದರಲ್ಲಿತ್ತು. ಆದರೆ ಸುರಕ್ಷಿತವಾಗಿ ನೋಡುವುದು ಹೇಗೆಂದು ಹೇಳುವವರು ಒಬ್ಬರಿದ್ದರೂ ಸಾಕಿತ್ತು. ಮಕ್ಕಳಿಗೆ ಬೈನಾಕ್ಯುಲರ್ ಆರಿಸಿಕೊಡಲು ನಾನು ಇಷ್ಟು ದೂರ ಬರುವುದರ ಹಿಂದೆ ಆ ಕಂಬಳಿ ಇಳಿಬಿಟ್ಟ ಕಿಟಕಿ ಇದೆ.

ಏಳೂಕಾಲಿಗೆ ಸಂಜೆಗೆಂಪು ಪೂರ್ತಿ ಆರಿತು. ಹೊಲದಲ್ಲಿ ಎರಡು ಹೊರಸು ಹಾಕಿದ್ದರು, ಮೇಲೆ ಕೌದಿ. ಹೆಚ್ಚಿನವರು ಊರಿಗೆ ಮರಳಿದ್ದರು. ಹಂದಿ ಕಾಯಲು ಭಾವ ಉಳಿದಿದ್ದರು, ಅವರ ತಾಯಿ, ಹುಡುಗಿಯ ಅಜ್ಜಿಯೂ "ಒಂದು ತಾಸು ಕುಂದರ್ತೀನಿ" ಎಂದು ಉಳಿದರು. ಮೊಬೈಲುಗಳನ್ನು ಚೀಲಕ್ಕೆ ಹಾಕಿಸಿದೆ. ಕತ್ತಲಿಗೆ ಕಣ್ಣು ಪಳಗಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು, ಒಂದು ಮೊಬೈಲಿನ ಬೆಳಕು ಅದನ್ನು ಒಂದು ಕ್ಷಣದಲ್ಲಿ ಕೆಡಿಸುತ್ತದೆ.

ಮೊದಲು ಬೈನಾಕ್ಯುಲರನ್ನು ಅವಳ ಕಣ್ಣಿಗೆ ಕೂಡಿಸಬೇಕಿತ್ತು. ಎರಡು ಕೊಳವೆಗಳನ್ನು ನಡುವಿನ ಕೀಲಿನಲ್ಲಿ ಮಡಚಿ ಎರಡು ವೃತ್ತ ಒಂದಾಗುವ ತನಕ ಹೊಂದಿಸುವುದು. ಬಲಗಣ್ಣಿನ ಕೊಳವೆಯನ್ನು ಅಂಗೈಯಿಂದ ಮುಚ್ಚಿ, ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ನಕ್ಷತ್ರವನ್ನು ಸೂಜಿಮೊನೆಯಷ್ಟು ಮಾಡಿಕೊಳ್ಳುವುದು. ಆಮೇಲೆ ಎಡವನ್ನು ಮುಚ್ಚಿ, ಚಕ್ರ ಮುಟ್ಟದೆ, ಬಲಗಡೆಯ ಉಂಗುರ ಮಾತ್ರ ತಿರುಗಿಸಿ ಬಲಗಣ್ಣಿಗೂ ಹಾಗೇ ಮಾಡುವುದು. ಎಷ್ಟೋ ಜನ ವರ್ಷಗಟ್ಟಲೆ ಬೈನಾಕ್ಯುಲರ್ ಇಟ್ಟುಕೊಂಡೂ ಆ ಬಲಗಡೆಯ ಉಂಗುರ ಇರುವುದನ್ನೇ ಕಂಡಿರುವುದಿಲ್ಲ. ಭಾವನಿಗೆ ಕನ್ನಡಕವಿದೆ. ಕನ್ನಡಕ ತೆಗೆಯದೆ ನೋಡುವವರಿಗೆ ಕಣ್ಣಿಗೂ ಗಾಜಿಗೂ ನಡುವೆ ಕನಿಷ್ಠ 15 ಮಿಲಿಮೀಟರ್ ಅಂತರ ಕೊಡುವ ಬೈನಾಕ್ಯುಲರ್ ಬೇಕು, ರಬ್ಬರಿನ ಬಟ್ಟಲನ್ನು ಒಳಗೆ ಮಡಚಿಕೊಳ್ಳಬೇಕು. ಅವರಿಗೆ 8x42 ಒಗ್ಗಿತು. 10x50ರಲ್ಲಿ ವೃತ್ತದ ಅಂಚು ಕತ್ತರಿಸಿ ಹೋಯಿತು.

ಅಗ್ನಿಪರೀಕ್ಷೆಯಂತೆ ಮೊದಲು ಹಿಡಿದದ್ದು ಅತಿ ಕಷ್ಟದ ಗುರಿಯನ್ನೇ. ಉತ್ತರದ ಕಡೆ ಕುಂತಿ ಎಂದು ನಮ್ಮ ಪುಸ್ತಕಗಳು ಕರೆಯುವ ಐದು ನಕ್ಷತ್ರ ಮೇಲೇರಿದ್ದವು. ಮಧ್ಯಾಹ್ನದ ಐದು ಕಲ್ಲು ನೆನಪಾಗಿ ಹುಡುಗಿ "ಪಾಂಡವರು ಮ್ಯಾಲೂ ಅದಾರಲ್ಲ ಮಾಮಾ" ಎಂದಳು. ಅದರ ಮೇಲೆ, ನೆತ್ತಿಯ ಕಡೆ, ಆ ಹೊತ್ತಿಗೆ ಸರಿಯಾಗಿ ಉತ್ತರದ ನಡುಗೆರೆಯನ್ನು ದಾಟುತ್ತಿತ್ತು ಆಂಡ್ರೊಮಿಡಾ ಗೆಲಾಕ್ಸಿ. ಬರಿಗಣ್ಣಿಗೆ ಇದೆಯೋ ಇಲ್ಲವೋ ಎನ್ನುವ ಮಬ್ಬು. ಜೇಬಿನ 10x25ರಲ್ಲಿ ಅವಳಿಗೆ ಸಿಗಲೇ ಇಲ್ಲ. 8x42ರಲ್ಲಿ ಎರಡು ನಿಮಿಷಕ್ಕೆ ಸಿಕ್ಕಿತು: ನಡುವೆ ಬೆಳ್ಳಗೆ, ಎರಡು ಕಡೆ ಉದ್ದಕ್ಕೆ ಹರಡಿದ ಹೊಗೆ. ಪುಸ್ತಕದ ಬಣ್ಣದ ಚಿತ್ರ ಇಲ್ಲಿ ಕಾಣುವುದಿಲ್ಲ ಎಂದು ಮೊದಲೇ ಹೇಳಿದ್ದೆ. ಆ ಬೆಳಕು ಹೊರಟದ್ದು 25 ಲಕ್ಷ ವರ್ಷದ ಹಿಂದೆ ಎಂದೆ. ಅವಳಿಗೆ ಆ ಸಂಖ್ಯೆ ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ. ಅದಕ್ಕೆ ಅವಳಿಗೆ ಗೊತ್ತಿರುವ ಊರಿನಿಂದ ಅಳತೆ ಕೊಟ್ಟೆ. ಹುಣಸಗಿಯ ಪಕ್ಕದ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರ ತಂಡ ಅಗೆದು ತೆಗೆದ ಕಲ್ಲುಗೊಡಲಿಗಳಿಗೆ ಸುಮಾರು 12 ಲಕ್ಷ ವರ್ಷ ಎಂದು ಕಾಲ ಕಟ್ಟಿದ್ದಾರೆ. ಈ ಹೊಲಗಳ ನಡುವೆ ಕೂತು ಯಾರೋ ಸುಣ್ಣಕಲ್ಲನ್ನು ಒಡೆದು ಕೊಡಲಿ ಮಾಡುತ್ತಿದ್ದಾಗ ಈ ಬೆಳಕು ಅರ್ಧ ದಾರಿಯನ್ನು ಆಗಲೇ ದಾಟಿತ್ತು. ಹುಡುಗಿ ಬೈನಾಕ್ಯುಲರ್ ಇಳಿಸಲಿಲ್ಲ, ಮಾತೂ ಆಡಲಿಲ್ಲ.

ನಂತರ 10x50. ಗೆಲಾಕ್ಸಿ ತುಸು ದೊಡ್ಡದಾಗಿ, ತುಸು ಬೆಳ್ಳಗೆ ಕಂಡಿತು, ಅದರಲ್ಲಿ ಸಂಶಯವಿಲ್ಲ. ಆದರೆ ಅವಳು ನಿಂತು ನೋಡಿದಳು. ನಲವತ್ತು ಸೆಕೆಂಡಿಗೆ ಮೊಣಕೈ ಕೆಳಗೆ ಬಂತು. "ಮಾಮಾ, ಇದು ವಜ್ಜಿ ಅದ. ಕೈ ನಡಗ್ತಾವ, ಚುಕ್ಕಿನೂ ನಡಗ್ತಾವ." ಇಡೀ ರಾತ್ರಿಯ ಸಾರ ಅವಳ ಆ ಮಾತಿನಲ್ಲಿತ್ತು. ಎಷ್ಟು ಪಟ್ಟು ಹತ್ತಿರ ತೋರಿಸುತ್ತದೋ ಕೈಯ ನಡುಕವನ್ನೂ ಅಷ್ಟೇ ಪಟ್ಟು ಹಿಗ್ಗಿಸುತ್ತದೆ. ನಡುಗುವ ಹತ್ತು ಪಟ್ಟಿಗಿಂತ ನಿಂತ ಎಂಟು ಪಟ್ಟಿನಲ್ಲಿ ಹೆಚ್ಚು ಕಾಣುತ್ತದೆ. ಅದರ ಜೊತೆ ನೋಟದ ಹರವು: ಒಲಿಂಪಸ್ 10x50ರಲ್ಲಿ ಒಮ್ಮೆಗೆ ಆರೂವರೆ ಡಿಗ್ರಿ ಆಕಾಶ ಕಾಣುತ್ತದೆ, ಎಂಟು ಪಟ್ಟಿನ ಒಳ್ಳೆಯದರಲ್ಲಿ ಎಂಟು ಡಿಗ್ರಿ. ಹೊಸಬರಿಗೆ ಆಕಾಶದಲ್ಲಿ ದಾರಿ ತಪ್ಪುವುದೇ ದೊಡ್ಡ ಕಷ್ಟ. ಆ ಒಂದೂವರೆ ಡಿಗ್ರಿ ಹೆಚ್ಚಿಗೆ ಕಂಡರೆ ಗುರಿ ಬೇಗ ಸಿಗುತ್ತದೆ.

15x70 ಅನ್ನು ಕೈಯಲ್ಲಿ ಹಿಡಿದು ನೋಡುವುದು ಅವಳಿಗೆ ಸಾಧ್ಯವೇ ಆಗಲಿಲ್ಲ, ನನಗೂ ಆಗದು. ಬಂಡಿಯ ಹಿಂದಿನ ಹಲಗೆಯ ಮೇಲೆ ಕೌದಿ ಸುತ್ತಿ ಊರಿಕೊಂಡಾಗ, ಎಂಟೂವರೆಗೆ ಮೂಡಣದಲ್ಲಿ ಮೇಲೆ ಬಂದ ಗುರುಗ್ರಹದ ಪಕ್ಕ ಒಂದೇ ಗೆರೆಯಲ್ಲಿ ಉಪಗ್ರಹಗಳ ಚುಕ್ಕಿಗಳು ಚೆನ್ನಾಗಿ ಕಂಡವು. ಗೆಲಿಲಿಯೊ 1610ರ ಜನವರಿಯಲ್ಲಿ ಕಂಡದ್ದು ಇವನ್ನೇ. 15x70 ಕೆಟ್ಟದ್ದಲ್ಲ, ಮುಕ್ಕಾಲಿಯ ಮೇಲೆ ಕೂರಿಸಿದರೆ ಅದ್ಭುತ. ಆದರೆ ಮುಕ್ಕಾಲಿ ಹುಡುಕಿ, ಹೊತ್ತು, ಹೂಡಿ ನೋಡುವುದು ಮೊದಲ ಬೈನಾಕ್ಯುಲರಿನ ಕೆಲಸವಲ್ಲ. ಅದು ಬಾಗಿಲ ಹಿಂದಿನ ಮೊಳೆಗೆ ತೂಗುಬಿದ್ದಿರಬೇಕು, ಊಟವಾಗಿ ಕೈತೊಳೆಯಲು ಅಂಗಳಕ್ಕೆ ಬಂದಾಗ ಕೈಗೆ ಸಿಗಬೇಕು. ವರ್ಷಕ್ಕೆ ನೂರು ಸಲ ಎತ್ತುವ ಆರೂವರೆ ನೂರು ಗ್ರಾಂ, ವರ್ಷಕ್ಕೆ ಮೂರು ಸಲ ಎತ್ತುವ ಸಾವಿರದ ಮುನ್ನೂರು ಗ್ರಾಂಗಿಂತ ಹೆಚ್ಚು ಆಕಾಶ ತೋರಿಸುತ್ತದೆ.

ಒಂಬತ್ತರ ಹೊತ್ತಿಗೆ ಅಜ್ಜಿ ಏಳಲು ಹೊರಟರು. ಆವರೆಗೆ ಅವರು ದುರ್ಬೀನು ಮುಟ್ಟಿರಲಿಲ್ಲ. "ಯವ್ವಾ, ಕೃತ್ತಿಕಿ ನೋಡಿ ಹೋಗ್ರಿ" ಎಂದೆ. ಹೊರಸಿನ ಮೇಲೆ ಅಂಗಾತ ಮಲಗಿಸಿ, ಮೊಣಕೈಗಳ ಕೆಳಗೆ ಕೌದಿ ಮಡಚಿಟ್ಟು 8x42 ಕೊಟ್ಟೆ. ನೆತ್ತಿಯ ಹತ್ತಿರ ಬಂದಿತ್ತು ಕೃತ್ತಿಕೆ. ಬರಿಗಣ್ಣಿಗೆ ಆರೇಳು ಕಾಣುವಲ್ಲಿ ಎಂಟು ಪಟ್ಟಿಗೆ ಹತ್ತಾರು ನೀಲಿ ಚುಕ್ಕಿ, ಅಂಗೈಯಲ್ಲಿ ಹಿಡಿದ ಹಾಗೆ ಒಟ್ಟಿಗೆ. ಅಜ್ಜಿ ತುಂಬ ಹೊತ್ತು ಸುಮ್ಮನಿದ್ದರು. "ಇಷ್ಟ್ ಮಂದಿ ಅದಾರೇನು ತಮ್ಮಾ ಇದರಾಗ?" ಎಂದರು.

ನಮ್ಮ ರೈತರಿಗೆ ಈ ಹೆಸರುಗಳು ಹೊಸವಲ್ಲ. ಕೃತ್ತಿಕಿ ಮಳಿ, ರೋಹಿಣಿ ಮಳಿ, ಮಿರಗದ ಮಳಿ, ಆರಿದ್ರಾ ಮಳಿ ಎಂದು ಬಾಯಿಪಾಠ. ರೋಹಿಣಿ ಮಳೆ ಬಂದರೆ ಓಣಿ ತುಂಬ ಜೋಳ ಎನ್ನುವುದು ಎಲ್ಲರಿಗೂ ಗೊತ್ತು. ಆದರೆ ಮಳೆಗೆ ಆ ಹೆಸರು ಬರುವುದು ಸೂರ್ಯ ಆ ನಕ್ಷತ್ರದ ಜೊತೆ ಇರುವಾಗ. ರೋಹಿಣಿ ಮಳೆ ಮೇ ಕೊನೆಯಲ್ಲಿ, ಮಿರಗ ಜೂನ್ 7ರ ಆಸುಪಾಸಿಗೆ. ಆ ದಿನಗಳಲ್ಲಿ ಆ ನಕ್ಷತ್ರ ಹಗಲಿನಲ್ಲಿ ಸೂರ್ಯನ ಬೆಳಕಿನೊಳಗೆ ಮರೆಯಾಗಿರುತ್ತದೆ, ಇರುಳಿನಲ್ಲಿ ಇರುವುದೇ ಇಲ್ಲ. ಅದನ್ನು ನೋಡಬೇಕಾದರೆ ಆರು ತಿಂಗಳು ಕಾದು ಎಳ್ಳಮಾವಾಸ್ಯೆಯ ಹೊತ್ತಿಗೆ ತಲೆ ಎತ್ತಬೇಕು. ಅವತ್ತು ಮೂಡಣದಲ್ಲಿ ಆ ಸಾಲು ಮುಂಗಾರು ಬರುವ ಕ್ರಮದಲ್ಲೇ ನಿಂತಿತ್ತು: ನೆತ್ತಿಯ ಹತ್ತಿರ ಕೃತ್ತಿಕೆ, ಅದರ ಕೆಳಗೆ ಕೆಂಪು ರೋಹಿಣಿ, ಅದರ ಕೆಳಗೆ ಮೃಗಶಿರದ ಮೂರು ಸಣ್ಣ ಚುಕ್ಕಿ, ಬಲಕ್ಕೆ ತುಸು ಇಳಿದು ಆರ್ದ್ರೆ, ಬುಡದಲ್ಲಿ ಗುರುವಿನ ಜೊತೆ ಪುನರ್ವಸು. ಅಜ್ಜಿಗೆ ಒಂದೊಂದನ್ನೇ ತೋರಿಸಿದೆ. ರೋಹಿಣಿಯ ಸುತ್ತ ಚುಕ್ಕಿಗಳ ಗುಂಪು ಇಡಿಯಾಗಿ ವೃತ್ತದೊಳಗೆ ಕೂತಿತು. ಮೃಗಶಿರದ ಪಕ್ಕ ಮಹಾವ್ಯಾಧನ ನಡುಪಟ್ಟಿಯೂ ಅದರ ಕೆಳಗಿನ ಮಬ್ಬೂ ಒಂದೇ ನೋಟಕ್ಕೆ ಸಿಕ್ಕವು. ಎಪ್ಪತ್ತು ಮುಂಗಾರು ಕಂಡ ಆಕೆ ಹೆಸರು ಹೇಳುತ್ತ ಹೋದರು, ನಾನು ಕೊಳವೆ ತಿರುಗಿಸುತ್ತ ಹೋದೆ. ಪುನರ್ವಸು ಮುಗಿದ ಮೇಲೆ ಕೇಳಿದರು: "ಪುಷ್ಯಾ ಎಲ್ಲದ?"

ಪುಷ್ಯ ಆಗ ತಾನೇ ದಿಗಂತದಲ್ಲಿ ಹುಟ್ಟುತ್ತಿತ್ತು, ಧೂಳಿನಲ್ಲಿ ಕಾಣುವಂತಿರಲಿಲ್ಲ. ಇನ್ನೂ ಎರಡು ತಾಸು ಬೇಕು ಎಂದೆ. ಚಳಿ ಏರಿತ್ತು. ಟ್ರ್ಯಾಕ್ಟರಿನಲ್ಲಿ ಅವರನ್ನು ಊರಿಗೆ ಕಳಿಸಿದೆವು. ಹೋಗುವಾಗ ಮೊಮ್ಮಗಳಿಗೆ "ನೀ ನೋಡಿ ಬಾ" ಎಂದು ಹೇಳಿ ಹೋದರು.

ಮುಂದಿನ ಎರಡು ತಾಸಿನಲ್ಲಿ ಒಂದೆರಡು ವ್ಯವಹಾರದ ಮಾತು ಮುಗಿಸಿದೆವು. ಹತ್ತು ಸಾವಿರದ ಆಸುಪಾಸಿನಲ್ಲಿ ಒಳ್ಳೆಯದು ಸಿಗುತ್ತದೆ. ಅದೇ ದುಡ್ಡಿಗೆ ಹಳೆಯ ಮಾದರಿಯ ಭುಜವಿರುವ ಬೈನಾಕ್ಯುಲರಿನಲ್ಲಿ ಗಾಜು ಸಾಮಾನ್ಯವಾಗಿ ಮೇಲುದರ್ಜೆಯದಿರುತ್ತದೆ, ನೆಟ್ಟಗಿನ ಕೊಳವೆಯದು ಹಗುರ, ತೇವಕ್ಕೆ ಗಟ್ಟಿ. ಕಾಲುವೆ ನೀರಿನ ಈ ಸೀಮೆಯಲ್ಲಿ ತೇವದ ಮಾತು ಸಣ್ಣದಲ್ಲ. ಹತ್ತು ಗಂಟೆಗೇ ಗಾಜಿನ ಮೇಲೆ ಇಬ್ಬನಿ ಕೂತಿತ್ತು. ಹುಡುಗಿ ದಾವಣಿಯ ಸೆರಗು ಎತ್ತಿದಳು, ತಡೆದೆ. ಒರೆಸಿದರೆ ಧೂಳಿನ ಕಣ ಲೇಪವನ್ನು ಗೀರುತ್ತದೆ. ಕೌದಿಯೊಳಗೆ ಇಟ್ಟರೆ ತಾನೇ ಆರುತ್ತದೆ. ಹಗುರವೇ ಬೇಕು, ಆದರೆ ದುಡ್ಡು ಕಡಿಮೆ ಎನ್ನುವವರಿಗೆ ನಿಕಾನ್ ಆಕ್ಯುಲಾನ್ 7x35 ಒಂದಿದೆ: 685 ಗ್ರಾಂ, ಒಂಬತ್ತು ಡಿಗ್ರಿಗೂ ಮಿಕ್ಕಿದ ಹರವು. ಒಲಿಂಪಸ್ 8x40 ಕೂಡ 710 ಗ್ರಾಂ ಅಷ್ಟೇ. 180x100 ಎಂದೆಲ್ಲ ಅಂಕಿ ಬರೆದು ಅಂಗೈಯಗಲದ ವಸ್ತು ಮಾರುವವರನ್ನು ನಂಬಬೇಡಿ. ಅಂಥ ಕೊಳವೆ ನಿಜವಾಗಿದ್ದರೆ ಮುಂದಿನ ಗಾಜೊಂದೇ ಊಟದ ಬಟ್ಟಲಿನಷ್ಟು ಇರಬೇಕು.

ದಕ್ಷಿಣಕ್ಕೆ, ಅಣೆಕಟ್ಟೆಯ ದೀಪಗಳ ಮೇಲೆ, ಅಗಸ್ತ್ಯ ಏರುತ್ತಿದ್ದ. ನಮ್ಮ ಕಡೆ ಅವನು ಅತಿ ಎತ್ತರಕ್ಕೆ ಹೋದಾಗಲೂ 21 ಡಿಗ್ರಿಯೇ. ಆ ದೀಪಗಳ ಮಂಜುಬೆಳಕಿನಲ್ಲಿ ಅವನೊಬ್ಬನೇ ಉಳಿದಿದ್ದ, ಸುತ್ತಲಿನ ಸಣ್ಣ ಚುಕ್ಕಿಗಳೆಲ್ಲ ಅಳಿಸಿ ಹೋಗಿದ್ದವು. ಉತ್ತರಕ್ಕೆ ತಿರುಗಿದರೆ ಆಕಾಶ ತುಂಬಿತ್ತು. ಅಣೆಕಟ್ಟಿಗೆ ದೀಪ ಬೇಕು, ಬೇಡವೆನ್ನುವುದಿಲ್ಲ. ಆದರೆ ಮೇಲಕ್ಕೆ ಸೋರುವ ಬೆಳಕಿಗೆ ಒಂದು ಮುಚ್ಚಿಗೆ ಹಾಕಿದರೆ ಕೆಳಗೆ ರಸ್ತೆಗೂ ಹೆಚ್ಚು ಬೆಳಕು ಸಿಗುತ್ತದೆ, ಮೇಲೆ ಮಕ್ಕಳಿಗೂ ಆಕಾಶ ಉಳಿಯುತ್ತದೆ.

ಹನ್ನೊಂದು ದಾಟಿದ ಮೇಲೆ ಹುಡುಗಿ ತಾನೇ 8x42 ಎತ್ತಿಕೊಂಡಳು. ಉಳಿದ ಮೂರರ ಕಡೆ ನೋಡಲೂ ಇಲ್ಲ. ಯಾವುದು ಬೇಕು ಎಂದು ನಾನು ಕೇಳುವ ಪ್ರಸಂಗವೇ ಬರಲಿಲ್ಲ. ಪುನರ್ವಸುವಿನ ಜೋಡಿ ಚುಕ್ಕಿಯಿಂದ ಕೆಳಗೆ ಇಳಿದು, ದಾರಿ ತಪ್ಪಿ, ಮತ್ತೆ ಜೋಡಿಗೆ ಹೋಗಿ, ಮತ್ತೆ ಇಳಿದಳು. ನಾನು ಬೆರಳು ತೋರಿಸಲಿಲ್ಲ. ನಾಲ್ಕನೆಯ ಸಲಕ್ಕೆ ಅವಳ ಉಸಿರು ನಿಂತದ್ದು ಕೇಳಿಸಿತು.

ಊರಿಗೆ ಬಂದಾಗ ಒಂದು ಗಂಟೆ. ಅಜ್ಜಿಗೆ ನಿದ್ದೆ ಬಂದಿರಲಿಲ್ಲ. ಕತ್ತಲಲ್ಲೇ ಹಾಸಿಗೆಯಿಂದ ಕೇಳಿದರು, "ಪುಷ್ಯಾ ಕಂಡ್ತೇನು?"

"ಕಂಡ್ತು ಅಜ್ಜಿ. ಜೋಳದ ನುಚ್ಚು ಚೆಲ್ಲಿದಂಗ ಅದ."